ರಟ್ಟಿನೊಳಗೆ ಆರು ಗೆರೆ

ಕ್ಯೂರಿಂಗ್ ವರ್ಕ್ಸಿನ ಹಳೇ ಕಿರ್ದಿ, ಬೆನ್ನು ಮುರಿದದ್ದು,
ಗೋಣಿದಾರ ಸುತ್ತಿ ತಂದು ಮೇಜಿಗೆ ಹಾಕಿದರು.
ಚಿಕ್ಕಮಗಳೂರು, ಮಾರ್ಕೆಟ್ ರಸ್ತೆ, ಇಬ್ಬರು ನಿಂತರೆ ತುಂಬುವ ಅಂಗಡಿ.
"ದಸ್ತಗೀರಣ್ಣ, ಹೊಸ ರಟ್ಟು ಹಾಕು. ಒಳಗಿನ ಕಸ ತೆಗಿ."

ಬಿಸಿನೀರಿನ ಬಟ್ಟೆ ಒತ್ತಿ ಕಾದೆ.
ರಟ್ಟಲ್ಲ ಅದು, ಕಾಗದದ ಮೇಲೆ ಕಾಗದ,
ಈರುಳ್ಳಿಯ ಹಾಗೆ ಬಿಡುತ್ತ ಹೋಯಿತು.
ಏಳನೇ ಪದರಕ್ಕೆ ಚಾಕು ನಿಲ್ಲಿಸಿದೆ:
ಆರು ಗೆರೆ. ಗೆರೆಯ ಮೇಲೆ ಪುಟ್ಟ ಪುಟ್ಟ ಅಕ್ಷರ,
ಎ, ಸಿ, ಡಿ, ಮತ್ತೆ ಎ.
ಬೇಲಿತಂತಿಗೆ ಒಣಹಾಕಿದ ಕೂಸಿನ ಬಟ್ಟೆಯ ಹಾಗೆ.

ಫಾದರ್ ವಲೇರಿಯನ್ ಕನ್ನಡಕ ಹಣೆಗೇರಿಸಿ
ಲ್ಯೂಟ್ ಅಂದರು.
ನಾನೂರು ವರ್ಷದ್ದಿರಬಹುದು, ಇಲ್ಲದೆಯೂ ಇರಬಹುದು.
ಸೋರೆಬುರುಡೆ ಸೀಳಿದಂಥ ಹೊಟ್ಟೆಯಂತೆ ಆ ವಾದ್ಯಕ್ಕೆ,
ತಲೆ ಮಾತ್ರ ಕತ್ತಿನಲ್ಲಿ ಮುರಿದು ಹಿಂದೆ ಬಿದ್ದಂತೆ.
"ಈ ಅಕ್ಷರ ಸ್ವರದ ಹೆಸರಲ್ಲ ಮಾರಾಯ, ಬೆರಳಿಡುವ ಮನೆ.
ಎ ಅಂದರೆ ಒತ್ತಬೇಡ, ತಂತಿ ಬಿಡು."
ಹಾಗಾದರೆ ಇಲ್ಲಿ ಹಾಡು ಬರೆದವರೇ ಇಲ್ಲ;
ಕೈ ಎಲ್ಲಿತ್ತು, ಅಷ್ಟೇ.

ರಾತ್ರಿ ಭೂತಗನ್ನಡಿ ಹಿಡಿದು ಕೈಗಳನ್ನು ಎಣಿಸಿದೆ.
ಒಂದು, ಕಂದುಮಸಿ, ಅವಸರವಿಲ್ಲದ್ದು.
ಇನ್ನೊಂದು ಅಕ್ಷರದ ಕೆಳಗೆ ಚುಕ್ಕಿ ಇಟ್ಟುಕೊಂಡು ಹೋಗಿದೆ,
ಇಲ್ಲಿ ತೋರುಬೆರಳು, ಇಲ್ಲಿ ತೋರುಬೆರಳು,
ಪಾಠ ಹೇಳಿಸಿಕೊಂಡ ಯಾರೋ.
ಮೂರನೆಯದು ಜಗಳಗಂಟ. ಒಂದು ಸಿ ಹೊಡೆದುಹಾಕಿ
ಪಕ್ಕದಲ್ಲಿ ಡಿ ಬರೆದಿದೆ, ಕಾಗದ ಹರಿಯುವಷ್ಟು ಒತ್ತಿ.
ಆಮೇಲೆ ಎಷ್ಟೋ ಕಾಲ ಯಾರೂ ಇಲ್ಲ.
ಆಮೇಲೆ ನಮ್ಮ ಪೈಕಿ ಒಬ್ಬ, ಕನ್ನಡದಲ್ಲಿ, ಪೆನ್ಸಿಲಿನಲ್ಲಿ,
ರಟ್ಟಿನ ಬಿರುಕಿನಿಂದ ಇಣುಕಿದ ಖಾಲಿ ಅಂಚಿನ ಮೇಲೆ:
"ಚೆರ್ರಿ ೧೪ ಮೂಟೆ. ತಿಮ್ಮಪ್ಪಯ್ಯನ ಗಾಡಿಗೆ ಮುಂಗಡ ೩ ರೂ. ಕೊಟ್ಟಿದೆ."

ಆ ಗಾಡಿಯ ಹಿಂದೆಯೇ ನಡೆದೆ, ಮನಸ್ಸಿನಲ್ಲಿ,
ಘಟ್ಟ ಇಳಿದು, ಮಂಗಳೂರ ಧಕ್ಕೆ, ಹಡಗು,
ಹಡಗು ಹೊರಟ ಊರಿನ ಒಂದು ಓಣಿ.
ಅಲ್ಲಿ ಸಿಕ್ಕವನು ನನ್ನಂಥವನೇ,
ಮೇಜು, ಅಂಟಿನ ಮಡಕೆ, ಮೂಲೆಯಲ್ಲಿ ರದ್ದಿ.
ಹೊಸ ಲೆಡ್ಜರಿಗೆ ರಟ್ಟು ಬೇಕಿತ್ತು ಅವನಿಗೆ.
ಹಾಡು ಗಟ್ಟಿ ಕಾಗದದ ಮೇಲಿತ್ತು.
ಬೈಯಲು ಬಾಯಿ ಬರಲಿಲ್ಲ. ಪೋಲಾಗದಂತೆ ಕೊಯ್ದಿದ್ದ,
ಅಂಚು ನೋಡಿದರೆ ಗೊತ್ತಾಗುತ್ತದೆ.
ಅದರಾಚೆಗೆ ದಾರಿ ಇಲ್ಲ.

ಗಿರಿಜಾಂಬಾ ಟೀಚರ್ ಬಸವನಹಳ್ಳಿಯ ಮನೆಯಲ್ಲಿ
ವೀಣೆ ತೊಡೆಗೇರಿಸಿ, ಹಾಳೆಯನ್ನು ಅಕ್ಕಿಡಬ್ಬಕ್ಕೆ ಆನಿಸಿ,
"ನನಗೆ ನಾಲ್ಕೇ ತಂತಿ, ದಸ್ತಗೀರ್" ಅಂದರು.
ಉಳಿದೆರಡನ್ನು ಬಾಯಲ್ಲಿ ಗುನುಗಿದರು.
ಸರಿಯೋ ತಪ್ಪೋ, ಹೇಳುವವರು ಯಾರು?
ತಿದ್ದಿದ ಜಾಗ ಬಂತು. ಡಿ ನುಡಿಸಿ ಮುಖ ಹುಳ್ಳಗೆ ಮಾಡಿದರು.
ಸಿ ನುಡಿಸಿದರು.
ಹೊರಗೆ ಸ್ಕೂಟರ್ ಒರೆಸುತ್ತಿದ್ದ ಹುಡುಗ ತಲೆ ಎತ್ತಿದ.
ಮೊದಲಿನವನೇ ಸರಿ! ಇಷ್ಟು ವರ್ಷ
ಹೊಡೆಸಿಕೊಂಡು ಸುಮ್ಮನೆ ಮಲಗಿದ್ದ.

ಒಂದು ಕಡೆ ಕೈ ತಡೆದು, ಅರೆಗಳಿಗೆ ನಿಂತು ಮುಂದೆ ಹೋದರು.
"ಇಲ್ಲೊಂದು ವಿರಾಮ ಇಟ್ಟಿದ್ದಾನೆ, ಎಷ್ಟು ಚೆಂದ."
ನಾನು ಹೇಳಲಿಲ್ಲ.
ಅದು ಹುಳ ತಿಂದ ತೂತು.

ನಾಳೆ ಕಿರ್ದಿ ಕೊಡಬೇಕು. ಹಾಳೆ ಅವರದು,
ಅವರಿಗೆ ಅದು ಕಸ, ಕೇಳಿಯೂ ಆಯಿತು:
"ಸುಮ್ಮನೆ ಅಂಟಿಸು ದಸ್ತಗೀರಣ್ಣ, ಗಟ್ಟಿಯಾಗಿರಲಿ."
ಮೈದಾ ಕುದಿಸಿದೆ, ಮೈಲುತುತ್ತ ಬೆರೆಸಿದೆ.
ಏಳನೇ ಪದರವನ್ನು ಏಳನೆಯದಾಗಿಯೇ ಇಟ್ಟೆ,
ಅಂಟು ಅಂಚಿಗಷ್ಟೇ, ಬೆರಳಗಲ;
ಬಿಸಿನೀರು ಹಾಕದೆಯೂ ಬಿಟ್ಟುಕೊಳ್ಳಲಿ ಮುಂದಿನವನಿಗೆ.
ಹೊಡೆದುಹಾಕಿದ ಸಿ ಕೆಳಗೆ ಪೆನ್ಸಿಲ್ ಚೂಪು ಮಾಡಿ
ಚಿಕ್ಕದಾಗಿ "ಇದೇ ಸರಿ" ಅಂತ ಬರೆದೆ.
ತೂತಿನ ಪಕ್ಕ ಏನೂ ಬರೆಯಲಿಲ್ಲ.

ಬಿಲ್ಲು: ರಟ್ಟು, ಕ್ಯಾಲಿಕೊ, ಹೊಲಿಗೆ, ಒಟ್ಟು ಮುನ್ನೂರ ಇಪ್ಪತ್ತು.